ಮಾಸ್ತರರ ಹೆಸರಿಗೆ ನಾಲ್ಕು ಗೆರೆ

ಇವತ್ತು ಹಳೆಯ ದಿಂಬು ಬಿಚ್ಚಿ ಹತ್ತಿ ತೆಗೆಯುವಾಗ, ಅದರ ಒಣ ವಾಸನೆಗೆ ಸಿದ್ದಾಪುರದ ಕಡೆಯ ನಮ್ಮ ಶಾಲೆಯ ಒಂದು ಮಧ್ಯಾಹ್ನ ನೆನಪಾಯಿತು.

1958ರಲ್ಲಿ ನಾನು ಐದನೇ ಇಯತ್ತೆ. ದಿನ ಬುಧವಾರವೆಂದು ನನ್ನ ದಿನಚರಿಯಲ್ಲಿದೆ. ಇದ್ದ ಒಬ್ಬರೇ ಮಾಸ್ತರರು ಆರನೆಯವರಿಗೆ ಲೆಕ್ಕ ಹೇಳಿಕೊಡುವಾಗ ನಾವು ಹದಿನಾಲ್ಕು ಮಕ್ಕಳು ನಮ್ಮಷ್ಟಕ್ಕೆ ತಕಲಿಯಲ್ಲಿ ನೂಲು ತೆಗೆಯಬೇಕಿತ್ತು. "ಕೆಲಸ ಬಿಟ್ಟವರ ಹೆಸರಿಗೆ ಗೆರೆ ಹಾಕು, ಯಾರನ್ನೂ ಬಿಡಬೇಡ. ಸಂಜೆ ಇನ್‌ಸ್ಪೆಕ್ಟರ್ ಸಾಹೇಬರು ನೋಡ್ತಾರೆ" ಎಂದು ನನ್ನ ಕೈಗೆ ಪಾಟಿ ಕೊಟ್ಟಿದ್ದರು.

ಮಾಸ್ತರರ ಹೆಂಡತಿಗೆ ವಾರದಿಂದ ಜ್ವರ; ಅವರಿಗೆ ರಾತ್ರಿ ನಿದ್ದೆಯಿರಲಿಲ್ಲ. ಕುರ್ಚಿಯಲ್ಲೇ ಅವರು ನಾಲ್ಕು ಸಲ ತೂಕಡಿಸಿದರು. ನಾನು ಪಾಟಿಯಲ್ಲಿ ಅವರ ಹೆಸರನ್ನೂ ಬರೆದು ನಾಲ್ಕು ಗೆರೆ ಎಳೆದೆ.

ಪಾಟಿ ನೋಡಿದ ಮಾಸ್ತರರ ಮುಖ ಬಿಳಿಚಿತು. "ಎಂತದೇ ಕೂಸೆ ಇದು?"

"ಯಾರನ್ನೂ ಬಿಡಬೇಡ ಅಂದಿದ್ರಲ್ರಾ, ಮಾಸ್ತರೇ."

ಅಳಿಸಲು ಎತ್ತಿದ ಕೈಯನ್ನು ಅವರು ಹಾಗೇ ಇಳಿಸಿದರು. "ಇರ್ಲಿ ಬಿಡು. ಸುಳ್ಳಲ್ಲವಲ್ಲ."

ಹೊರಗೆ ಸಾಹೇಬರ ಸೈಕಲ್ ಗಂಟೆ ಕೇಳಿಸಿತು. ದಿನವೂ ಎಲ್ಲರಿಗಿಂತ ಹೆಚ್ಚು ಗೆರೆ ಬೀಳುತ್ತಿದ್ದ ಮಂಜ ಹಿಂದಿನಿಂದ ಪಿಸುಗುಟ್ಟಿದ: "ಏ, ಆ ನಾಕೂ ನನ್ನ ಹೆಸ್ರಿಗೆ ಹಾಕೇ. ನಂದು ಹ್ಯಾಂಗೂ ಹನ್ನೊಂದು ಅದೆ."

ನಾನು ಮಾಸ್ತರರ ಹೆಸರನ್ನು ಅಂಗೈಯಿಂದ ಒರೆಸಿ, ಮಂಜನ ಹೆಸರಿನ ಮುಂದಿನ ಗೆರೆಗಳನ್ನು ಹದಿನೈದು ಮಾಡಿದೆ.