ಎರಡು ಲೋಟ ಕಷಾಯ

ಕಾಶೆವ್ವ ಗುಳಿಗೆಯನ್ನು ನುಣ್ಣಗೆ ಅರೆದು, ಎರಡು ಲೋಟಗಳಲ್ಲಿ ಬಲಗಡೆಯದಕ್ಕೆ ಮಾತ್ರ ಉದುರಿಸಿದಳು. ಬಾಗಿಲ ಸಂದಿಯಲ್ಲಿ ನಿಂತು ನೋಡಿದ ಕೆಂಚಪ್ಪ ಸದ್ದಿಲ್ಲದೆ ಹೊರಗೆ ಹೋಗಿ ಕೂತ. ಬಲಗಡೆಯದು ಅವನದು.

"ತಗೋರಿ, ಬೇವಿನ ಕಷಾಯ. ಕೆಮ್ಮಿಗೆ ಚಲೋ," ಎಂದು ಎರಡೂ ಲೋಟ ತಂದು, ಬಲಗಡೆಯದನ್ನು ಗಂಡನ ಮುಂದಿಟ್ಟಳು. "ಒಂದ ಹನಿನೂ ಬಿಡಬ್ಯಾಡ್ರಿ."

ಒಂದು ಹನಿಯನ್ನೂ! ಅಬ್ಬಾ, ಇವಳ ಧೈರ್ಯವೇ! ಇಪ್ಪತ್ತು ದಿನದಿಂದ ಬೆಳಿಗ್ಗೆ, ಸಂಜೆ ಈ ಕಷಾಯ. ಇಪ್ಪತ್ತು ದಿನದಿಂದಲೇ ಅವನಿಗೆ ಹೊಟ್ಟೆ ತೊಳಸುವುದು, ತಲೆ ತಿರುಗುವುದು.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ತನ್ನೂರು ಮಸಗುಪ್ಪಿಯಿಂದ ವರ್ಷಾ ವರ್ಷ ಬೆಲ್ಲ ಕಾಯಿಸಲು ಹುಕ್ಕೇರಿ ಕಡೆಯ ಗಾಣಗಳಿಗೆ ಹೋಗುತ್ತಿದ್ದ ಕೆಂಚಪ್ಪನಿಗೆ ಅಲ್ಲೊಬ್ಬಳಿದ್ದಳು. ಊರಿಗೆಲ್ಲ ಗೊತ್ತಿತ್ತು, ಕಾಶೆವ್ವನಿಗೂ. ಮೇಲಾಗಿ ಹೋದ ತಿಂಗಳು, "ಒಮ್ಮಿ ನನ್ನ ಜೋಡಿ ಗೋಕಾಕ ದವಾಖಾನಿಗೆ ಬರ್ರಿ, ನಿಮ್ಮ ಕಾಲ ಬೀಳ್ತೇನಿ" ಎಂದು ಗೋಗರೆದವಳ ಕೆನ್ನೆಗೆ ಬಾರಿಸಿದ್ದ. ಆ ಏಟಿಗೆ ಇದು ಉತ್ತರ ಎಂದುಕೊಂಡ. ಸಾಯಲು ಅವನಿಗೆ ಮನಸ್ಸಿರಲಿಲ್ಲ.

"ಎಲಿ ಅಡಕಿ ತಾ," ಎಂದ.

ಅವಳು ಒಳಗೆ ಹೋದಳು. ಲೋಟ ಅದಲುಬದಲಾದವು. ಮರಳಿ ಬಂದವಳು ತನ್ನ ಪಾಲನ್ನು ಗಟಗಟನೆ ಕುಡಿದಳು. ಬೇವಿನ ಕಹಿಯಲ್ಲಿ ಇನ್ನೊಂದು ಕಹಿ ಯಾರಿಗೆ ತಿಳಿದೀತು? ನೀ ಮಾಡಿದ ಅಡಿಗೆ ನೀನೇ ಉಣ್ಣು ಎಂದು ಕೆಂಚಪ್ಪ ಒಳಗೊಳಗೇ ನಕ್ಕ.

ಅಂದಿನಿಂದ ದಿನಕ್ಕೆರಡು ಸಲ. ಒಮ್ಮೆ ನೀರು ಬೇಕು, ಒಮ್ಮೆ ಬೀಡಿ ಬೇಕು, ಒಮ್ಮೆ "ಹೊರಗ ಯಾರೋ ಕರದಂಗಾತು, ನೋಡು." ಐದು ತಿಂಗಳಲ್ಲಿ ಒಂದು ಹೊತ್ತೂ ಮರೆಯಲಿಲ್ಲ.

ಆದರೆ ಕಾಶೆವ್ವ ಸಾಯಲಿಲ್ಲ. ಗಲ್ಲ ತುಂಬಿಕೊಂಡವು. ಕಬ್ಬಿನ ಕಳೆ ತೆಗೆಯಲೂ ಹೋದಳು. ಸೊರಗಿದವನು ಕೆಂಚಪ್ಪ. ಬಾಯಲ್ಲಿ ಬಿಳಿ ಹುಣ್ಣು, ಬಿಡದ ಜ್ವರ. ಮೊದಲು ಹೊಟ್ಟೆಗೆ ಹೋದ ವಿಷವೇ ಈಗ ಏರುತ್ತಿದೆ ಎಂದು ಅವನು ನಂಬಿದ. ಅವಳಿಗೇಕೆ ಏರಲಿಲ್ಲ? ಹಾವಿಗೆ ತನ್ನ ವಿಷ ತಾಗುತ್ತದೆಯೇ!

"ನಾ ಹೋಗಬೇಕಿತ್ತು, ನೀವಲ್ಲ," ಎಂದು ಅವಳು ಹಣೆ ಮುಟ್ಟಿ ಅಳುತ್ತಿದ್ದಳು. ಎಂಥ ನಾಟಕ ಎಂದು ಅವನು ಗೋಡೆಯ ಕಡೆ ಹೊರಳುತ್ತಿದ್ದ.

ಕೊನೆಗೆ ನಾಲ್ಕು ಜನ ಸೇರಿ ಗೋಕಾಕದ ದವಾಖಾನೆಗೆ ಹೊತ್ತು ತಂದರು. ರಕ್ತ ನೋಡಿದ ಡಾಕ್ಟರು, ಬಹಳ ತಡವಾಯಿತು ಎಂದರು. ಕಾಶೆವ್ವ ನೀರು ತರಲು ಹೋದಾಗ ಕೆಂಚಪ್ಪ, ರೋಗಿಗಳಿಗೆ ಗುಳಿಗೆಯ ತಿಳುವಳಿಕೆ ಹೇಳುವ ದಾಕ್ಷಾಯಿಣಿಯ ಕೈ ಹಿಡಿದ.

"ಬಾಯಾರ, ಪೊಲೀಸರ್ನ ಕರೀರಿ. ಆಕಿ ನನಗ ವಿಷ ಹಾಕ್ಯಾಳ. ಆದ್ರ ನಾ ಏನ ಹುಚ್ಚ ಅಲ್ಲ. ಲೋಟಾ ಬದಲ ಮಾಡಿ, ಐದು ತಿಂಗಳಿಂದ ಆಕಿಗೇ ಕುಡಿಸೇನಿ. ಆಕಿ ಚೀಲದಾಗ ಗುಳಿಗಿ ಡಬ್ಬಿ ಐತಿ, ನೋಡ್ರಿ."

ದಾಕ್ಷಾಯಿಣಿ ಡಬ್ಬಿ ತೆಗೆದು ನೋಡಿದಳು. ತಿಂಗಳು ತಿಂಗಳು ತಾನೇ ಎಣಿಸಿ ಕಾಶೆವ್ವನ ಕೈಗೆ ಕೊಟ್ಟ ಗುಳಿಗೆಗಳು.

"ಕಾಕಾ, ಇವು ಎಚ್‌ಐವಿ ಗುಳಿಗಿ. ಸುರುವಿಗೆ ಹೊಟ್ಟಿ ತೊಳಸತೈತಿ, ತಲಿ ತಿರಗತೈತಿ. ರೋಗ ಇಬ್ಬರಿಗೂ ಐತಿ. ನೀವು ರಕ್ತಾ ತೋರಸಾಕ ಬರಲಿಲ್ಲ, ನಿಮ್ಮ ಹೆಸರಿಗೆ ಗುಳಿಗಿ ಸಿಗಲಿಲ್ಲ. ಅದಕ್ಕ ತಾ ಒಂದೂ ನುಂಗದ ತನ್ನವೆಲ್ಲಾ ನಿಮ್ಮ ಲೋಟಕ್ಕ ಹಾಕ್ಯಾಳ. ಈಗಷ್ಟ ಅಳಕೋತ ನನಗ ಹೇಳಿದ್ಳು. ಗುಳಿಗಿ ಇಲ್ಲದ ಆಕಿ ಹೆಂಗ ಬದುಕಿದ್ಳು ಅಂತ ನನಗ ತಿಳೀದಾಗಿತ್ತು."

ಅವಳು ಡಬ್ಬಿಯ ಮುಚ್ಚಳ ಹಾಕಿದಳು.

"ಒಂದ ಹೊತ್ತೂ ತಪ್ಪಸದ ಕುಡಿಸಿ, ಆಕಿನ್ನ ನೀವ ಉಳಿಸೀರಿ."