ಎದ್ದು ಬಂದವನಿಗೆ ಇಬ್ಬರು ಸಾಕ್ಷಿ

ಸತ್ತವರು ಮೂರನೆಯ ದಿನ ಎದ್ದು ಬರುವುದು ಕರಾವಳಿಯಲ್ಲಿ ಮಾಮೂಲಾದ ಮೇಲೆ ಅವರ ವೇಷ ಹಾಕಿಕೊಂಡು ಬರುವವರೂ ಹೆಚ್ಚಿದ್ದರು. ಹಾಗಾಗಿ ಮೊದಲು ಕಂಡ ಇಬ್ಬರು ಇಗರ್ಜಿಗೆ ಬಂದು ಸಾಕ್ಷಿ ಹೇಳಬೇಕು; ಪಾದ್ರಿ ಒಪ್ಪದಿದ್ದರೆ ಬಂದವನು ಮನೆಯ ಮೆಟ್ಟಿಲು ಹತ್ತುವಂತಿಲ್ಲ. ಎದ್ದು ಬಂದವನ ಸ್ವಂತ ಮಾತು ಸಾಕ್ಷಿಯಾಗಿ ನಡೆಯದಾದ್ದರಿಂದ, ಅವತ್ತು ಎದ್ದು ಬಂದಿದ್ದ ಗ್ರೇಶಿಯನ್ ಬೆಂಚಿನಲ್ಲಿ ತುಟಿ ಬಿಗಿದು ಕೂತಿದ್ದ.

"ಬಾವಿಕಟ್ಟೆ ಹತ್ತಿರ ನಿಂತಿದ್ರು ಫಾದರ್," ಎಂದಳು ಅವನ ಹೆಂಡತಿ ಸೆರಾಫಿನ.

"ಎಂತ ಬಾವಿಕಟ್ಟೆ ಮಾರಾಯ್ತಿ! ಗೇಟಿನ ಹತ್ತಿರ," ಎಂದಳು ಅವನ ಅಕ್ಕ ಕಾರ್ಮಿನ್‌ಬಾಯಿ. "ಬೆಳಕು ಹರಿದಿತ್ತು."

"ಕತ್ತಲಿತ್ತು ಅಕ್ಕ!"

ಇನ್ನು ಮುಗಿಯಿತು ಎಂದುಕೊಂಡಳು ಸೆರಾಫಿನ. ಇಬ್ಬರೂ ಒಂದೇ ತರ ಹೇಳೋಣ ಎಂದು ಬಸ್ಸಿನಲ್ಲಿ ಎಷ್ಟು ಗೋಗರೆದಿದ್ದಳು! ಕಾರ್ಮಿನ್‌ಬಾಯಿ ಜನ್ಮದಲ್ಲಿ ಯಾರ ಮಾತನ್ನೂ ಕೇಳಿದವಳಲ್ಲ.

ಫಾದರ್ ಬೊನಿಫಾಸ್ ಕನ್ನಡಕ ತೆಗೆದು ನಕ್ಕರು.

"ನಿನ್ನೆ ಒಂದು ಮನೆಯವರು ಬಂದು ಇಬ್ಬರೂ ಒಂದೇ ಗಿಳಿಪಾಠ ಒಪ್ಪಿಸಿದ್ರು. ವಾಪಸ್ ಕಳಿಸಿದೆ. ಶುಭಸಂದೇಶ ಬರೆದ ನಾಲ್ವರು ಪ್ರಭುವಿನ ಸಮಾಧಿಗೆ ಎಷ್ಟು ಹೆಂಗಸರು ಹೋದ್ರು, ಎಷ್ಟು ದೂತರನ್ನು ಕಂಡ್ರು ಅಂತ ಒಂದೇ ತರ ಬರೆದಿದ್ದಾರಾ? ಸಮಾಧಿ ಖಾಲಿ, ಪ್ರಭು ಎದ್ದರು ಅನ್ನೋದು ಮಾತ್ರ ಎಲ್ಲರದ್ದೂ ಒಂದೇ. ಕಟ್ಟುಕತೆ ಆಗಿದ್ರೆ ಮೊದಲೇ ಕೂತು ಸರಿಮಾಡಿಕೊಳ್ತಿದ್ರು. ಕರ್ಕೊಂಡು ಹೋಗಿ ನಿಮ್ಮವನನ್ನು."

ಸೆರಾಫಿನಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಹೊರಗೆ ಬಂದ ಮೇಲೆ ಗ್ರೇಶಿಯನ್ ಮೆಲ್ಲಗೆ ಶುರುಮಾಡಿದ: "ನಿಜ ಹೇಳ್ಬೇಕಂದ್ರೆ, ನಾನು ನಿಂತಿದ್ದದ್ದು..."

"ನೀನು ಸುಮ್ನಿರು," ಎಂದಳು ಅಕ್ಕ. "ಸತ್ತವನಿಗೆ ಎಂತ ಗೊತ್ತುಂಟು?"

"ಹೌದು ಮತ್ತೆ," ಎಂದಳು ಸೆರಾಫಿನ, ಗಂಡನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೇ.