ಐದು ದಿನದ ಚೀಲ

ಸೈನ್ಯದ ಕರೆಯೋಲೆ ಬಂದ ದಿನವೇ ಚುಯಿಯುನ್ ಮುದುಕಿ ಮಗನ ಚೀಲ ಕಟ್ಟಿಬಿಟ್ಟಳು. ಅಂಥ ಲಕೋಟೆಯನ್ನು ಅವಳು ಮೂರು ಸಲ ಕಂಡವಳು: ಅಣ್ಣನಿಗೆ, ಗಂಡನಿಗೆ, ಮಗನಿಗೆ. ಹೆಸರು ಓದಲು ಕನ್ನಡಕ ಹುಡುಕುವ ಅಗತ್ಯ ಕಾಣಲಿಲ್ಲ. ಉಗುರುಕತ್ತರಿ, ಸೂಜಿದಾರ, ಎರಡು ಚಡ್ಡಿ. ಎಲ್ಲದರ ಮೇಲೆ, ಮಾಝು ದೇವಿಯ ಗುಡಿಯಲ್ಲಿ ಧೂಪದ ಹೊಗೆಗೆ ಮೂರು ಸುತ್ತು ಹಿಡಿದು ತಂದ ಕೆಂಪು ತಾಯತ.

"ಅಮ್ಮಾ, ಕಾಗದ ನಂದಲ್ಲ," ಎಂದ ಮಗ ಜುನ್‌ಹಾವ್. "ಪೇಷಾನ್‌ದು."

ಕಡಲ ಸಿಂಪಿಯ ಚಿಪ್ಪು ಬಿಚ್ಚುತ್ತಿದ್ದ ಮುದುಕಿಯ ಚಾಕು ನಿಂತಿತು. ಸೊಸೆ ಪೇಷಾನ್ ಮದುವೆಗೆ ಮುಂಚೆ ನಾಲ್ಕು ವರ್ಷ ಸೈನ್ಯದಲ್ಲಿದ್ದದ್ದು ಗೊತ್ತಿತ್ತು. ಹೊಸಿಲಲ್ಲಿ ಕೆಂಡದ ಬೋಗುಣಿ ದಾಟಿಸಿ ಮನೆ ತುಂಬಿಸಿಕೊಂಡ ದಿನವೇ ಅದೆಲ್ಲ ಸುಟ್ಟುಹೋಯಿತು ಅಂದುಕೊಂಡಿದ್ದಳು.

ಸೈನ್ಯ ಬಿಟ್ಟುಬಂದ ಹೆಂಗಸರು ಇಷ್ಟವಿದ್ದರೆ ಐದು ದಿನದ ತಾಲೀಮಿಗೆ ಬರಬಹುದು ಎಂದಿದ್ದರು. ಪೇಷಾನ್ ತಾನಾಗಿ ಹೆಸರು ಕೊಟ್ಟಿದ್ದಳು. ಗಂಡ ನಸುಕಿಗೇ ಬಸ್ಸು ಓಡಿಸಲು ಹೊರಡುವವನು. ಮೂರು ವರ್ಷದ ಮಗಳನ್ನು ಅತ್ತೆ ನೋಡಿಕೊಳ್ಳದಿದ್ದರೆ ಹೋಗುವಂತಿರಲಿಲ್ಲ. ಕೇಳಲು ಧೈರ್ಯ ಸಾಲದೆ ವಾರ ಕಳೆದಿತ್ತು.

ಎಲ್ಲ ಕೇಳಿದ ಮುದುಕಿ ಸೊಸೆಯತ್ತ ತಿರುಗಿದಳು. "ಯಾರೂ ಎಳ್ಕೊಂಡ್ ಹೋಗ್ತಿಲ್ಲ. ನೀನಾಗೇ ಹೋಗ್ತೀಯಾ? ಯಾಕೆ?"

"ನಾಳೆ ಏನಾದ್ರೂ ಆದ್ರೆ, ಹೊರಗೆ ನಿಂತು ಕಾಯೋದು ನನ್ ಕೈಲಾಗಲ್ಲ ಅತ್ತೆ."

ಮುದುಕಿ ಇನ್ನೂ ಮೂರು ನಾಲ್ಕು ಸಿಂಪಿ ಬಿಚ್ಚಿದಳು. ಆಮೇಲೆ ಕೈ ಒರೆಸಿಕೊಂಡು, ಚೀಲದಿಂದ ಚಡ್ಡಿಗಳನ್ನು ಎಳೆದು ಮಗನ ಮಡಿಲಿಗೆ ಎಸೆದಳು. "ಇದ್ರಲ್ಲಿ ಇವಳಂಥೋರು ಇಬ್ರು ಹಿಡೀತಾರೆ." ತಾಯತವನ್ನು ಮಾತ್ರ ಅಂಗಿಯ ಜೇಬಿಗೆ ಹಾಕಿಕೊಂಡಳು. "ದೇವಿ ಹತ್ರ ಇವನ ಹೆಸರು ಹೇಳ್ಬಿಟ್ಟಿದೀನಿ. ಮಧ್ಯಾಹ್ನ ಹೋಗಿ ಸರಿ ಮಾಡಿಸ್ಕೊಂಡ್ ಬರ್ತೀನಿ."

ಸೋಮವಾರ ಬೆಳಿಗ್ಗೆ ಮೊಮ್ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಶಿಬಿರದ ಗೇಟಿನ ತನಕ ಬಂದಳು. ಇಂಥ ಗೇಟಿನವರೆಗೆ ಅವಳು ಮೂವರನ್ನು ಬಿಟ್ಟುಬಂದಿದ್ದಳು. ಮರಳಿದ ಮೇಲೆ, ಒಳಗೆ ಹೇಗಿತ್ತು ಎಂದು ಕೇಳಿದರೆ ಮೂವರದ್ದೂ ಒಂದೇ ಮಾತು: ಏನಿಲ್ಲ, ಅನ್ನ ಹಾಕು.

ತಾಯತವನ್ನು ಸೊಸೆಯ ಕೊರಳಿಗೆ ಹಾಕಿದವಳು ದಾರ ಬಿಡಲಿಲ್ಲ.

"ನಾಲ್ಕು ವರ್ಷ ಒಳಗಿದ್ದು ಬಂದೋಳು ನನ್ ಮನೇಲೇ ಇದ್ಲು. ಒಂದಿನಾನೂ ನಿನ್ನ ಕೇಳ್ಲಿಲ್ಲ ನೋಡು ನಾನು," ಎಂದಳು. "ಈ ಸಲ ಬಂದೋಳು ಎಲ್ಲಾ ಹೇಳ್ಬೇಕು, ಮೊದಲಿಂದ. ಅನ್ನ ಆಮೇಲೆ."